ಹಸುವಿನ ಹೆಸರು ಹೇಳಿದರೆ ಸಾಕು

ನಮ್ಮೂರ ಡೈರಿಯಲ್ಲಿ ಹಾಲು ತೂಗುವುದಕ್ಕೆ ಹೊತ್ತು ಹಿಡಿಯುವುದಿಲ್ಲ. ಕ್ಯಾನು ಇಟ್ಟ ತಕ್ಷಣ ತಕ್ಕಡಿ ತೂಕ ಹೇಳುತ್ತದೆ. ದರ ಗೊತ್ತುಮಾಡುವ ಫ್ಯಾಟ್, ಅಂದರೆ ಕೊಬ್ಬಿನಂಶ, ನೋಡುವ ಯಂತ್ರವೂ ಸೋಮಾರಿಯಲ್ಲ. ಹೊತ್ತೆಲ್ಲ ಹೋಗುತ್ತಿದ್ದದ್ದು ಕಂಪ್ಯೂಟರಿನ ಮುಂದೆ. ಅಲ್ಲಿ ಕೂರುವ ಹುಡುಗಿ ಭುವನಾ ಎಂಟರ್ ಒತ್ತುತ್ತಾಳೆ, ಪರದೆಯ ಮೇಲೆ ಒಂದು ಸಣ್ಣ ಚಕ್ರ ತಿರುಗಲು ಶುರುವಾಗುತ್ತದೆ, ಸಾಲಿನಲ್ಲಿ ನಿಂತವರು ಕ್ಯಾನನ್ನು ಬಲಗೈಯಿಂದ ಎಡಗೈಗೆ ಬದಲಾಯಿಸುತ್ತಾರೆ, ಯಾರೋ ಆಕಳಿಸುತ್ತಾರೆ, ಚಕ್ರ ಇನ್ನೂ ತಿರುಗುತ್ತಲೇ ಇರುತ್ತದೆ.

ಹಾಗಾದರೆ ಹಾಲು ಸುರಿದುಕೊಂಡು ಲೆಕ್ಕ ಆಮೇಲೆ ಬರೆದುಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ಒಂದು ಕಾಲದಲ್ಲಿ ಹಾಗೇ ಮಾಡುತ್ತಿದ್ದೆವು. ಫ್ಯಾಟ್ ಕಡಿಮೆ ಬರೆದರು ಎಂದು ಅಣ್ಣತಮ್ಮಂದಿರಿಬ್ಬರು ಡೈರಿಯ ಮೆಟ್ಟಿಲ ಮೇಲೇ ಕೊರಳಪಟ್ಟಿ ಹಿಡಿದುಕೊಂಡ ಮೇಲೆ, ತೂಕ, ಫ್ಯಾಟ್ ಬರೆದ ಚೀಟಿ ಕೈಗೆ ಬಾರದೆ ಒಂದು ತೊಟ್ಟು ಹಾಲೂ ಸುರಿಯಬಾರದು ಎಂದು ಊರವರೇ ಸಭೆ ಸೇರಿ ನಿಯಮ ಮಾಡಿದರು. ಅದನ್ನು ನಡೆಸಿಕೊಂಡು ಹೋಗಬೇಕಾದವಳು ನಾನು. ನನ್ನ ಹೆಸರು ವನಜಾಕ್ಷಿ, ಈ ಡೈರಿಯ ಸೆಕ್ರೆಟರಿ. ಅಜ್ಜಂಪುರದಿಂದ ಅಂತರಘಟ್ಟೆ ಕಡೆ ಹೋಗುವಾಗ ಒಳಗೆ ತಿರುಗಿದರೆ ಸಿಗುವ ಊರು ನಮ್ಮದು. ನನ್ನ ಬಾಯಿ ಜೋರು ಎಂದು ಊರಲ್ಲಿ ಹೇಳುತ್ತಾರೆ. ಜೋರಿಲ್ಲದಿದ್ದರೆ ಈ ಡೈರಿ ಯಾವತ್ತೋ ಬಾಗಿಲು ಹಾಕುತ್ತಿತ್ತು.

ಆ ಗುರುವಾರ ಹಾಲಿನ ವ್ಯಾನಿನ ಡ್ರೈವರ್ ಹೊನ್ನೇಶ್ ಇಂಜಿನ್ ಆರಿಸಿ ಕೆಳಗಿಳಿದು ಬಂದ. ಅವನು ಹಾಗೆ ಇಳಿದು ಬರುವವನಲ್ಲ, ಕೂತಲ್ಲಿಂದಲೇ ಹಾರ್ನ್ ಬಾರಿಸುವವನು.

"ಅಕ್ಕಾ, ಬೈಬೇಡಿ. ನಾನು ಹೇಳ್ತಿರೋದಲ್ಲ, ಮೇಲಿನವ್ರು ಹೇಳಿರೋದು. ಸೋಮವಾರದಿಂದ ಏಳೂವರೆಗೆ ನಾನು ಇಲ್ಲಿಂದ ಹೊರಡ್ಲೇಬೇಕಂತೆ. ನಿಮ್ಮೂರಲ್ಲಿ ಕಾದು ಕಾದು ಮುಂದಿನ ಊರಿನ ಹಾಲು ಒಡೀತೈತೆ. ಇನ್ನೊಂದ್ಸಲ ತಡ ಆದ್ರೆ ಈ ಸ್ಟಾಪೇ ತೆಗೀತಾರೆ."

"ತೆಗೆದ್ರೆ ನಮ್ಮ ಜನ ಎಲ್ಲಿಗೋಗ್ಬೇಕೋ?"

"ಮೇನ್ ರೋಡಿಗೆ ತರ್ಬೇಕು."

ಮೇನ್ ರೋಡು ಅವನ ವ್ಯಾನಿಗೆ ಹತ್ತಿರ. ಹಾಲು ತುಂಬಿದ ಕ್ಯಾನು ಹೊತ್ತ ಹೆಂಗಸಿಗೆ ಅಲ್ಲ. ಬೈಕಿರುವ ಮನೆಯವರು ಹೇಗೋ ಹೋಗುತ್ತಾರೆ. ಒಂದು ಹಸು ಕಟ್ಟಿಕೊಂಡು, ಸಂಜೆ ಒಂದಷ್ಟು, ಬೆಳಿಗ್ಗೆ ಒಂದಷ್ಟು ಹಾಲು ಹಾಕಿ ಮನೆ ತೂಗಿಸುವ ಮುದುಕಿಯರು ಹಸು ಮಾರುತ್ತಾರೆ. ಇಷ್ಟು ವರ್ಷ ಎಲ್ಲರ ಹತ್ತಿರ ಕಾದಾಡಿ ಉಳಿಸಿಕೊಂಡ ಡೈರಿ ನನ್ನ ಕಣ್ಣ ಮುಂದೆಯೇ ಮುಚ್ಚಿಹೋಗುತ್ತದೆ ಎನ್ನಿಸಿತು. ಹೊನ್ನೇಶ್ ಹೋದ ಕೂಡಲೇ ತರೀಕೆರೆಗೆ ಫೋನ್ ಮಾಡಿ ಹೇಮಶ್ರೀಗೆ ಬಾಯಿಗೆ ಬಂದಂತೆ ಬೈದೆ.

ಹೇಮಶ್ರೀಗೆ ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕಂಪ್ಯೂಟರ್ ಅಂಗಡಿ ಇದೆ. ನಮ್ಮ ಡೈರಿಯ ಸಾಫ್ಟ್‌ವೇರ್ ಬರೆದುಕೊಟ್ಟವಳು ಅವಳೇ. ಮೊದಲ ವರ್ಷ ಅದು ಕುದುರೆಯ ಹಾಗೆ ಓಡಿತ್ತು. ನಾನು ಬೈದದ್ದನ್ನೆಲ್ಲ ಅವಳು ಕೇಳಿಸಿಕೊಂಡಳು. ಆಮೇಲೆ, "ಮಧ್ಯಾಹ್ನ ಬರ್ತೀನಿ ಅಕ್ಕ. ಮಜ್ಜಿಗೆ ಇಟ್ಟಿರಿ," ಎಂದಳು.

ಬಂದವಳು ಮಜ್ಜಿಗೆ ಕುಡಿದು ಕಂಪ್ಯೂಟರಿನ ಮುಂದೆ ಕೂತಳು. ಒಂದಷ್ಟು ಹೊತ್ತು ಏನೇನೋ ಕುಟ್ಟಿದಳು. ಕೊನೆಗೆ ನನ್ನ ಕಡೆ ತಿರುಗಿ, "ಅಕ್ಕ, ಇದರಲ್ಲಿ ಹದಿನಾಲ್ಕು ಇಂಡೆಕ್ಸ್ ಇದೆ," ಎಂದಳು.

"ಇದ್ರೆ ಇರ್ಲಿ. ನಿಧಾನ ಯಾಕಾಯ್ತು ಅದನ್ನ ಹೇಳು."

"ಅದನ್ನೇ ಹೇಳ್ತಿದೀನಿ."

ಅವಳು ಹೇಳಿದ್ದು ಹೀಗೆ. ಹಾಲಿನ ಪಟ್ಟಿ ಎಂದು ಒಂದು ಇದೆ, ಯಾರು ಬಂದರೂ ಒಂದು ಸಾಲು ಅದರ ತುದಿಗೆ ಸೇರುತ್ತದೆ. ಅದಕ್ಕೆ ಕಷ್ಟವಿಲ್ಲ. ಆದರೆ ಬೇಕಾದಾಗ ತಟ್ಟನೆ ಹುಡುಕಿಕೊಡಲೆಂದು ಕಂಪ್ಯೂಟರ್ ಬೇರೆ ಬೇರೆ ಪಟ್ಟಿಗಳನ್ನು ಕ್ರಮವಾಗಿ ಜೋಡಿಸಿ ಇಟ್ಟುಕೊಂಡಿರುತ್ತದೆ. ಹಸುವಿನ ಹೆಸರಿನ ಕ್ರಮದಲ್ಲಿ ಒಂದು, ಕೇರಿಯ ಕ್ರಮದಲ್ಲಿ ಒಂದು, ಫೋನ್ ನಂಬರಿನ ಕ್ರಮದಲ್ಲಿ ಇನ್ನೊಂದು. ಅವೇ ಇಂಡೆಕ್ಸು.

"ಊಟದ ಪಂಕ್ತಿ ತುಂಬಿರುತ್ತೆ ಅಂದ್ಕೊಳ್ಳಿ. ಬಂದೋರನ್ನ ಕೊನೇಲಿ ಕೂರ್ಸಿದ್ರೆ ಒಂದು ಎಲೆ ಹಾಕಿದ್ರಾಯ್ತು. ಆದ್ರೆ ಹೆಸರಿನ ಪ್ರಕಾರವೇ ಕೂರ್ಬೇಕು ಅಂದ್ರೆ? ಅವರ ಜಾಗ ಹುಡುಕ್ಬೇಕು, ಆಚೆ ಈಚೆಯವರನ್ನ ಸರಿಸ್ಬೇಕು, ನಡುವೆ ಎಲೆ ಹಾಕ್ಬೇಕು. ಹಾಗೆ ಹದಿನಾಲ್ಕು ಪಂಕ್ತೀಲೂ ಕೂರ್ಸಿದ್ ಮೇಲೇ ನಿಮ್ಮ ಚೀಟಿ ಪ್ರಿಂಟ್ ಆಗೋದು. ಒಬ್ಬೊಬ್ಬರಿಗೂ ಹೀಗೇ. ವರ್ಷ ವರ್ಷ ಪಂಕ್ತಿ ಉದ್ದ ಆಗ್ತಾ ಇದೆ."

"ಮತ್ತೆ ಅಷ್ಟೊಂದು ಯಾಕೆ ಮಾಡ್ದೆ?"

ಹೇಮಶ್ರೀ ನನ್ನ ಮುಖವನ್ನೇ ನೋಡಿದಳು. "ನೀವು ಕೇಳಿದ್ರಿ ಅಂತ."

ಕೇಳಿದ್ದು ನಿಜ. ಕಾರಣವಿಲ್ಲದೆ ಕೇಳಿರಲಿಲ್ಲ. ಡೈರಿಯ ಮೆಂಬರುಗಳೆಲ್ಲ ಗಂಡಸರು, ಹಾಲು ತರುವವರೆಲ್ಲ ಅವರ ಹೆಂಡಂದಿರು. ನಮ್ಮ ಕಡೆ ವಯಸ್ಸಾದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಗಂಡನ ಆಯುಸ್ಸು ಸವೆಯುತ್ತದೆ ಎಂದು ನಂಬಿಕೆ. ನಾನು ಯಂತ್ರದ ಹತ್ತಿರ ಫ್ಯಾಟ್ ನೋಡುತ್ತ ಇರುತ್ತೇನೆ. ಕಂಪ್ಯೂಟರಿಗೆ ಕೂರುವವರು ಯಾವಾಗಲೂ ಓದಿಕೊಂಡು ಬಂದ ಹೊಸ ಸೊಸೆಯರು. ಒಬ್ಬಳು ಬಸುರಿಯಾಗಿ ತವರಿಗೆ ಹೋದರೆ ಇನ್ನೊಬ್ಬಳು ಬರುತ್ತಾಳೆ. ಈಗಿರುವ ಭುವನಾ ಕಡೂರಿನ ಹುಡುಗಿ, ಬಂದು ವರ್ಷವೂ ಆಗಿಲ್ಲ. ಯಾರ ಹೆಂಡತಿ ಯಾರು ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ನಂಬರು ಕೊಟ್ಟು ನೋಡಿದ್ದೆವು. "ನಾನೇನ್ ಜೈಲ್ನಾಗಿದೀನಾ ನಂಬರ್ ಹೇಳಾಕೆ?" ಎಂದು ಲಿಂಗಮ್ಮ ಸಾಲಿನಲ್ಲಿ ನಿಂತೇ ಕೇಳಿದ್ದಳು. ಅದೇ ಹೊತ್ತಿನಲ್ಲಿ ಈರಕ್ಕ, "ನಮ್ಮ ಹಸು ಕೆಂಪಿ ಕಣೇ, ಅದ್ರ ಹೆಸ್ರು ಹಾಕಿ ಹುಡ್ಕು, ಸಿಕ್ತದೆ," ಎಂದು ದಾರಿ ತೋರಿಸಿದಳು. ಪ್ರತಿ ಚೀಟಿಯಲ್ಲೂ ಯಾವ ಹಸುವಿನ ಹಾಲು ಎಂದು ಬರೆಯುತ್ತಿದ್ದೆವಲ್ಲ, ಹೇಮಶ್ರೀ ಅದರಿಂದಲೇ ಹುಡುಕುವ ಹಾಗೆ ಮಾಡಿಕೊಟ್ಟಳು. ಎಲ್ಲರಿಗೂ ಖುಷಿಯಾಯಿತು. ಹಸುವಿನ ಹೆಸರು ಹೇಳಿದರೆ ಸಾಕು, ಚೀಟಿ ಬರುತ್ತಿತ್ತು.

ರುಚಿ ಹತ್ತಿದ ಮೇಲೆ ಕೇಳಬೇಕೇ? ಹಸು ಮಾರಿ ಬೇರೆ ತಂದವರು ಕೇರಿ ಹೆಸರಿನಲ್ಲಿ ಹುಡುಕು ಎಂದರು. ಹಿರೀಮಗನ ಹೆಸರಿನಲ್ಲಿ ಹುಡುಕು ಎಂದರು. ಹಸುವಿನ ಬಣ್ಣ ಹಾಕಿ ನೋಡು ಎಂದರು. ನನಗೂ ಚಪಲ. ಫ್ಯಾಟ್ ಪ್ರಕಾರ, ತೂಕದ ಪ್ರಕಾರ, ಮಳೆಗಾಲದ್ದು ಬೇರೆ, ಬೇಸಿಗೆಯದು ಬೇರೆ. ಪ್ರತಿ ಸಲವೂ ತರೀಕೆರೆಗೆ ಫೋನ್ ಮಾಡಿದೆ. ಹೇಮಶ್ರೀ ಮುಖ ಮುರಿಯದೆ ಮಾಡಿಕೊಟ್ಟಳು.

"ಮೂಗಿಗಿಂತ ಮೂಗುತಿ ಭಾರ ಆಯ್ತು ಅನ್ನು," ಎಂದೆ.

"ಹೂಂ. ತೆಗೀಬೇಕು."

"ಹೊಸ ಕಂಪ್ಯೂಟರ್ ತಂದ್ರೆ?"

"ಎರಡು ವರ್ಷ ಈ ನಿಧಾನ ಮರೆಯಾಗಿರುತ್ತೆ. ಆಮೇಲೆ ಮತ್ತೆ ಇದೇ ಗೋಳು."

ಒಂದೊಂದೇ ತೆಗೆಯಲು ಕೂತೆವು. ನಾನು ಸಂತೆಯಲ್ಲಿ ಚೌಕಾಸಿ ಮಾಡಿದ ಹಾಗೆ ಚೌಕಾಸಿ ಮಾಡಿದೆ. ಬಣ್ಣ ಹೋಗಲಿ ಎಂದೆ, ಫ್ಯಾಟ್ ಬಿಡುವುದಿಲ್ಲ ಎಂದೆ. ಅದನ್ನು ಯಾವಾಗ ಬಳಸಿದಿರಿ ಎಂದು ಹೇಮಶ್ರೀ ಕೇಳಿದಾಗ ನೆನಪಾಗಲಿಲ್ಲ. ಅದೂ ಹೋಯಿತು. ಒಂದಷ್ಟು ತೆಗೆದ ಮೇಲೆ ಅವಳು ಒಂದು ಸುಳ್ಳು ಚೀಟಿ ಹಾಕಿ ನೋಡಿದಳು. ಚಕ್ರ ಇನ್ನೂ ತಿರುಗುತ್ತಿತ್ತು, ಆದರೆ ಮೊದಲಿನಷ್ಟಲ್ಲ. ಇನ್ನಷ್ಟು ತೆಗೆದಳು. ಕೊನೆಗೆ ಉಳಿದದ್ದು ತಾರೀಖು, ಮೆಂಬರ್ ನಂಬರು ಮತ್ತು ಹಸುವಿನ ಹೆಸರು.

"ಇದೇ ಎಲ್ಲಕ್ಕಿಂತ ಭಾರ," ಎಂದಳು ಹೇಮಶ್ರೀ. "ಕೆಂಪಿ ಅಂದ್ರೂ ಸಿಗ್ಬೇಕು, ದೊಡ್ಡಕೆಂಪಿ ಅಂದ್ರೂ ಸಿಗ್ಬೇಕು, ಅರ್ಧ ಹೊಡೆದ್ರೂ ಸಿಗ್ಬೇಕು ಅಂದಿದ್ರಿ. ಅದಕ್ಕೆ ಒಂದೊಂದು ಹೆಸರನ್ನೂ ತುಂಡು ತುಂಡು ಮಾಡಿ, ತುಂಡಿಗೊಂದು ಸಲ ಕೂರಿಸ್ತಾ ಇದೆ ಇದು."

"ಅದನ್ನ ತೆಗೀಬೇಡ ಕಣೇ. ಮುದುಕಿಯರು ಏನ್ ಮಾಡ್ತಾರೆ?"

"ಅಕ್ಕ, ವ್ಯಾನು ಬೇಕೋ ಕೆಂಪಿ ಬೇಕೋ?"

ನಾನು ವ್ಯಾನು ನಿಲ್ಲುವ ಜಾಗದ ಕಡೆ ನೋಡಿದೆ. ಅವಳು ಗುಂಡಿ ಒತ್ತಿದಳು. ಮತ್ತೆ ಚೀಟಿ ಹಾಕಿದಾಗ ಚಕ್ರ ಕಾಣಿಸಲೇ ಇಲ್ಲ. ನನ್ನ ಎದೆ ಹಗುರವಾಯಿತು, ಅದನ್ನು ಮುಚ್ಚಿಡಲಾರೆ.

ಮಿಕ್ಕ ಮೂರು ದಿನ ಎಲ್ಲರ ಕ್ಯಾನಿನ ಮೇಲೂ ಕೆಂಪು ಪೇಂಟಿನಲ್ಲಿ ನಂಬರು ಬರೆಸಿದೆ. ಬಾಯಿಂದ ಹೇಳುವ ಕಷ್ಟವೇ ಬೇಡ, ಕ್ಯಾನೇ ಹೇಳುತ್ತದೆ. ಜೈಲಿನ ಮಾತಾಡಿದ್ದ ಲಿಂಗಮ್ಮ ಕೂಡ ತನ್ನ ನಂಬರಿನ ಸುತ್ತ ಒಂದು ಹೂವು ಬರೆಸಿಕೊಂಡಳು.

ಸೋಮವಾರ ಬೆಳಿಗ್ಗೆ ಸಾಲು ಕರಗುವುದನ್ನು ನೋಡಬೇಕಿತ್ತು. ಕ್ಯಾನು ಇಡು, ನಂಬರು ಒತ್ತು, ಚೀಟಿ ತಗೋ, ಹಾಲು ಸುರಿ, ನಡಿ. ಮಾತಾಡಿಕೊಂಡು ನಿಲ್ಲುವುದಕ್ಕೆ ಹೊತ್ತೇ ಸಿಗುತ್ತಿಲ್ಲ ಎಂದು ಕೆಲವರು ಗೊಣಗಿದರು. ಹೊನ್ನೇಶನ ವ್ಯಾನು ಬಂದು ತಿರುಗಿ ನಿಂತಾಗ ಸಾಲಿನಲ್ಲಿ ಉಳಿದಿದ್ದವಳು ಈರಕ್ಕ ಒಬ್ಬಳೇ. ಅವಳ ಗಂಡ ಎಂದಿನಂತೆ ಜೊತೆಯಲ್ಲಿ ಬಂದು ಅರಳಿಕಟ್ಟೆಯ ಮೇಲೆ ಬೀಡಿ ಹಚ್ಚಿ ಕೂತಿದ್ದ. ಹೆಂಡತಿ ಕ್ಯಾನು ಹೊರುತ್ತಾಳೆ, ಅವನು ಹಸುವಿನ ಹಗ್ಗವನ್ನು ಸಿಂಬಿ ಸುತ್ತಿ ಹಿಡಿದು ಹಿಂದೆ ಬರುತ್ತಾನೆ. ನಾನು ಈ ಊರಿಗೆ ಬಂದಾಗಿನಿಂದ ಹೀಗೇ.

ನಾನು ಡೈರಿಯ ತುಂಬಿದ ದೊಡ್ಡ ಕ್ಯಾನುಗಳನ್ನು ಎಣಿಸಿ ವ್ಯಾನಿಗೆ ಹತ್ತಿಸಲು ಹೊರಗೆ ಬಂದೆ.

"ಏನಕ್ಕಾ, ಮಾಟ ಮಾಡ್ಸಿದ್ರಾ? ಸಾಲೇ ಕಾಣ್ತಿಲ್ಲ," ಎಂದ ಹೊನ್ನೇಶ್.

"ನೋಡ್ತಾ ಇರು. ಇನ್ಮೇಲೆ ನಾವೇ ನಿನಗೆ ಕಾಯೋದು," ಎಂದೆ. ಜಂಬ ಕೊಚ್ಚಿಕೊಳ್ಳಬಾರದು ಎಂದು ಸುಮ್ಮನೆ ಹೇಳುವುದಿಲ್ಲ ದೊಡ್ಡವರು.

ಒಳಗಿನಿಂದ ಭುವನಾಳ ದನಿ ಕೇಳಿಸಿತು. "ಅಜ್ಜಿ, ಈ ನಂಬರು ಆಗ್ಲೇ ಬಂದ್ಹೋಗಿದೆ. ಇದು ಲಿಂಗಮ್ಮನವರದ್ದು."

"ಹೂಂ ಕಣವ್ವ. ಕ್ಯಾನು ಲಿಂಗೀದು, ಹಾಲು ನಂದು. ನಮ್ ಕ್ಯಾನು ತೂತ್ ಬಿತ್ತು, ಅದ್ಕೆ ಇಸ್ಕೊಂಡ್ ಬಂದೆ."

"ನಿಮ್ಮ ನಂಬರ್ ಎಷ್ಟು?"

"ಅದು ತೂತ್ ಕ್ಯಾನ್ ಮ್ಯಾಲೈತಲ್ಲ."

ನನಗೆ ನಗು ಬಂತು.

"ಹೋಗ್ಲಿ ಬಿಡವ್ವ, ಕೆಂಪಿ ಅಂತ ಹಾಕು. ಯಾವಾಗ್ಲೂ ಬತ್ತದೆ," ಎಂದಳು ಈರಕ್ಕ.

ಭುವನಾ ಹಾಕಿಬಿಟ್ಟಳು. ಕಿಟಕಿಯಿಂದ ನನಗೆ ಪರದೆ ಕಾಣುತ್ತಿತ್ತು. ಕಣ್ಮರೆಯಾಗಿದ್ದ ಚಕ್ರ ಮತ್ತೆ ಬಂದು ತಿರುಗತೊಡಗಿತು. ಇಂಡೆಕ್ಸ್ ಇಲ್ಲದ ಮೇಲೆ ಕಂಪ್ಯೂಟರ್ ಈಗ ಕೆಂಪಿಯನ್ನು ಹುಡುಕಿಕೊಂಡು ಇಷ್ಟು ವರ್ಷದ ಹಾಲಿನ ಲಕ್ಷಾಂತರ ಸಾಲುಗಳನ್ನು ಮೊದಲಿನಿಂದ ಓದುತ್ತಿತ್ತು. ಅದು ಮುಗಿಯದೆ ಈರಕ್ಕನ ಚೀಟಿ ಇಲ್ಲ. ಈರಕ್ಕನ ಚೀಟಿ ಆಗದೆ ದಿನದ ಒಟ್ಟು ಚೀಟಿ ಇಲ್ಲ. ಒಟ್ಟು ಚೀಟಿ ಕೈಗೆ ಕೊಡದೆ ಹೊನ್ನೇಶ್ ನಮ್ಮೂರ ಒಂದು ಕ್ಯಾನನ್ನೂ ಒಯ್ಯುವಂತಿಲ್ಲ.

ಹೊನ್ನೇಶ್ ಇಂಜಿನ್ ಚಾಲೂ ಮಾಡಿದ.

"ಒಂದ್ನಿಮಿಷ ಇರೋ!"

"ಅಕ್ಕಾ, ವ್ಯಾನ್ ಎಲ್ಲೈತೆ ಅಂತ ಮೊಬೈಲ್ನಾಗೇ ನೋಡ್ತಿರ್ತಾರೆ. ಏಳೂವರೆ ಆಯ್ತು. ಕ್ಯಾನ್ ಇಳಿಸ್ಲಾ, ಚೀಟಿ ಕೊಡ್ತೀರಾ?"

ಹಾಲು ಹಾಕಿ ಮುಗಿಸಿದ ಹೆಂಗಸರು ಯಾರೂ ಮನೆಗೆ ಹೋಗಿರಲಿಲ್ಲ. ಈ ದಿನ ಏನಾಗುತ್ತದೆ ಎಂದು ನೋಡಲು ಖಾಲಿ ಕ್ಯಾನು ಹಿಡಿದುಕೊಂಡು ನಿಂತಿದ್ದರು. ಎಲ್ಲರ ಕಣ್ಣೂ ಬಾಗಿಲ ಕಡೆ. ನಾನು ಈರಕ್ಕನ ಗಂಡನ ಹೆಸರು ಕೂಗಿ ಹೇಳಿದೆ. ಆ ವ್ಯಾನಿನ ಗಡಗಡದಲ್ಲಿ ಭುವನಾಗೆ ಕೇಳಲಿಲ್ಲ. ಮೆಟ್ಟಿಲ ಕಡೆ ಓಡಿದೆ.

"ಅಜ್ಜಿ, ಹುಡುಕೋದು ನಿಲ್ಲಿಸಿದೀನಿ. ಹಸು ಹೆಸರು ಈಗ ಆಗಲ್ಲ. ಮೆಂಬರ್ ಪಟ್ಟೀಲಿ ನೋಡ್ತೀನಿ, ತಾತನ ಹೆಸರು ಹೇಳಿ, ಬೇಗ," ಎನ್ನುತ್ತಿದ್ದಳು ಭುವನಾ. ಪಾಪ, ಅವಳ ಹಣೆ ಬೆವೆತಿತ್ತು.

ಈರಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ವ್ಯಾನಿನ ಕಡೆ ನೋಡಿದಳು, ಹೊರಗೆ ನಿಂತಿದ್ದ ಹೆಂಗಸರನ್ನು ನೋಡಿದಳು. ಆಮೇಲೆ ಕಣ್ಣು ಮುಚ್ಚಿ ಏನೋ ಅಂದಳು.

"ಕೇಳಿಸ್ಲಿಲ್ಲ ಅಜ್ಜಿ!"

"ರಂಗಯ್ಯ!"

ಆ ಸದ್ದಿನಲ್ಲಿ ಕೇಳಿಸಬೇಕೆಂದು ಅವಳು ಕೂಗಿಯೇ ಹೇಳಿದ್ದಳು. ನಾನು ಮೆಟ್ಟಿಲ ಮೇಲೆ ಹಾಗೇ ನಿಂತುಬಿಟ್ಟೆ. ಹೊರಗೆ ಅರಳಿಕಟ್ಟೆಯಿಂದ, "ಓ!" ಎಂದು ಉತ್ತರ ಬಂತು.

ರಂಗಯ್ಯ ಬೀಡಿ ಬಿಸಾಕಿ ಎದ್ದು ನಿಂತು ಅತ್ತಿತ್ತ ನೋಡುತ್ತಿದ್ದ. "ಯಾರ್ಲಾ ಅದು ಕರ್ದಿದ್ದು?" ಎಂದ. ಹೆಂಗಸರು ನೆಲ ನೋಡಿದರು.

ಒಳಗೆ ಭುವನಾಗೆ ಇದು ಯಾವುದೂ ಗೊತ್ತಿಲ್ಲ. "ರಂಗಯ್ಯ ಅಂತ ಏಳು ಜನ ಇದಾರೆ ಅಜ್ಜಿ. ಅವರಪ್ಪನ ಹೆಸರು?"

ರಂಗನಾಥನ ಒಕ್ಕಲಿನ ಊರು ನಮ್ಮದು, ಏಳೇ ಜನ ಇದ್ದದ್ದು ಪುಣ್ಯ. ಅವಳ ಮಾವನ ಹೆಸರನ್ನಾದರೂ ನಾನು ಹೇಳೋಣವೆಂದು ಬಾಯಿ ತೆರೆದೆ. ಈರಕ್ಕ ಕಣ್ಣು ತೆರೆಯದೆಯೇ, "ಸಿದ್ದಪ್ಪ," ಎಂದಳು.

ಈರಕ್ಕನ ಚೀಟಿ ಬಂತು, ಅದರ ಹಿಂದೆಯೇ ಒಟ್ಟು ಚೀಟಿಯೂ ಬಂತು. ನಾನು ಅದನ್ನು ಕಿತ್ತುಕೊಂಡು ಓಡಿ ಹೊನ್ನೇಶನ ಕೈಯಲ್ಲಿಟ್ಟೆ. ಕೊನೆಯ ಕ್ಯಾನು ಹತ್ತಿತು. ವ್ಯಾನು ಧೂಳೆಬ್ಬಿಸಿಕೊಂಡು ಹೋಯಿತು. ಸ್ಟಾಪು ಉಳಿಯಿತು. ಕುಣಿಯಬೇಕಾಗಿತ್ತು ನಾನು.

ಈರಕ್ಕ ಹೊರಗೆ ಬಂದು ನನ್ನ ಎದುರು ನಿಂತಳು. "ಮದ್ವೆ ದಿನಾನೂ ಹೇಳ್ನಿಲ್ಲ ಕಣೇ ನಾನು. ಒಗಟಿನಾಗಿಟ್ಟು ಹೇಳು ಅಂತ ಎಲ್ರೂ ಕಾಡಿದ್ರು, ಆಗ್ಲೂ ಹೇಳ್ನಿಲ್ಲ. ಅವ್ರಿಗೆ ಏನಾರ ಆದ್ರೆ ನಿನ್ನೇ ಕೇಳೋದು ವನಜಾ, ನಿನ್ನ ಮಿಷಿನ್ನನ್ನಲ್ಲ."

ಅಷ್ಟು ಹೇಳಿ ಗಂಡನ ಮುಖ ನೋಡದೆ ಮುಂದೆ ನಡೆದಳು. ರಂಗಯ್ಯ ಸಿಂಬಿ ಹಿಡಿದು ಅವಳ ಹಿಂದೆ ಹೋದ. ಅವನಿಗೆ ಬೀಡಿಯ ಕೆಮ್ಮು ಬಂತು. ಅವನು ಕೆಮ್ಮಿದಾಗಲೆಲ್ಲ ಈರಕ್ಕನ ಹೆಜ್ಜೆ ತಡೆಯುವುದು ನನಗೆ ದೂರದಿಂದಲೂ ಕಾಣುತ್ತಿತ್ತು. ಆಯುಸ್ಸು ಸವೆಯುವ ಮಾತನ್ನು ನಾನು ನಂಬುವವಳಲ್ಲ. ಆದರೂ ಆ ದಿನ ತಿಂಡಿಯನ್ನು ಹಾಗೇ ಬಿಟ್ಟು ಎದ್ದೆ.

ಹೇಮಶ್ರೀಗೆ ಫೋನ್ ಮಾಡಿದೆ. ಈ ಸಲ ಬೈಯಲಿಲ್ಲ, ನಡೆದದ್ದು ಹೇಳಿದೆ.

"ಅಕ್ಕ, ನಿಮಗೆ ಹಸು ಹೆಸರು ಬೇಕಾಗಿರೋದು ಯಾತಕ್ಕೆ? ಹಳೇ ಹಾಲು ಲೆಕ್ಕ ನೋಡೋಕಾ?"

"ಅಲ್ಲ ಕಣೇ. ಯಾರ ಮನೇದು ಅಂತ ಗೊತ್ತಾಗೋಕೆ."

"ಅಯ್ಯೋ, ಅದನ್ನ ಮೊದಲೇ ಹೇಳ್ಬಾರ್ದಾ! ಕೆಂಪಿ ಹಾಲು ಹುಡುಕ್ಬೇಕು ಅಂತಲೇ ಅಲ್ವಾ ನೀವು ಹೇಳಿದ್ದು? ಹಸು ಹೆಸರನ್ನ ಮೆಂಬರ್ ಪಟ್ಟೀಲಿ ಒಂದ್ಸಲ ಬರೆದ್ರೆ ಮುಗೀತು. ಅಲ್ಲಿ ಇರೋದು ಊರಿನ ಮನೆಗಳಷ್ಟೇ ಸಾಲು. ಹುಡುಕೋಕೆ ಇಂಡೆಕ್ಸೂ ಬೇಡ, ಏನೂ ಬೇಡ. ದಿನಾ ಹಾಕೋ ಹಾಲಿಗೆ ಅದರ ಭಾರವೂ ಇರಲ್ಲ."

"ನೀನೂ ಕೇಳ್ಬಾರ್ದಾಗಿತ್ತಾ?"

"ಹೂಂ. ನಾನೂ ಕೇಳ್ಬೇಕಿತ್ತು," ಎಂದಳು. ಸಂಜೆಯ ಹಾಲಿನ ಹೊತ್ತಿಗೆ ತರೀಕೆರೆಯಿಂದಲೇ ಸರಿಮಾಡಿ ಕೊಟ್ಟಳು. ಆ ಸಂಜೆ ಈರಕ್ಕ ಬರಲಿಲ್ಲ. ನನಗೆ ಮತ್ತೆ ದಿಗಿಲು.

ಮರುದಿನ ಬೆಳಿಗ್ಗೆ ವ್ಯಾನು ಬರುವುದಕ್ಕೆ ಇನ್ನೂ ಹೊತ್ತಿತ್ತು. ಈರಕ್ಕ ಬೆಸುಗೆ ಹಾಕಿಸಿದ ತನ್ನ ಕ್ಯಾನನ್ನೇ ಹೊತ್ತು ಬಂದಳು. ಹಿಂದೆ ಸಿಂಬಿ ಹಿಡಿದು ರಂಗಯ್ಯನೂ ಬಂದು ಅರಳಿಕಟ್ಟೆ ಹತ್ತಿ ಕೂತ. ಅವನನ್ನು ನೋಡಿ ನನಗಾದ ನೆಮ್ಮದಿ ಅವನ ಮಕ್ಕಳಿಗೂ ಆಗಿರಲಾರದು. ಈರಕ್ಕ ಬಾಗಿಲು ದಾಟುವ ಮೊದಲೇ ಕೂಗಿ ಹೇಳಿದೆ, "ಈರಕ್ಕಾ, ಇನ್ಮೇಲೆ ಆ ಕಷ್ಟ ಇಲ್ಲ. ಕೆಂಪಿ ಅಂದ್ರೆ ಸಾಕು, ಬತ್ತದೆ. ನಂಬರೂ ಬೇಡ."

"ಬತ್ತದಾ?" ಎಂದು ಕ್ಯಾನು ಇಳಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. "ರಾತ್ರಿ ಇನ್ನೊಂದ್ ಮುದ್ದೆ ಇಕ್ಕಿಸ್ಕೊಂಡು ಉಂಡ್ರು ಕಣೇ. ಕೆಮ್ಮೂ ಇರ್ನಿಲ್ಲ. ನಾನು ನಿದ್ದೆಗೆಟ್ಟು ನೋಡ್ತಾ ಕುಂತಿದ್ರೆ, ಗೊರಕೆ ಹೊಡ್ಕೊಂಡು ಮಲಗವ್ರೆ."

"ನಾನ್ ಹೇಳ್ಲಿಲ್ವಾ, ಏನೂ ಆಗಲ್ಲ ಅಂತ."

"ನೀನೆಲ್ಲಿ ಹೇಳ್ದೆ?" ಎಂದಳು. ಅದೂ ನಿಜ.

ಭುವನಾ, "ಹಸು ಹೆಸರು ಹೇಳಿ ಅಜ್ಜಿ," ಎಂದಳು.

ಈರಕ್ಕ ಒಂದು ಸಲ ಬಾಗಿಲ ಆಚೆ ನೋಡಿದಳು. ಆ ದಿನ ವ್ಯಾನಿನ ಸದ್ದಿರಲಿಲ್ಲ, ಮೆಲ್ಲಗೆ ಹೇಳಿದ್ದರೂ ಭುವನಾಗೆ ಕೇಳುತ್ತಿತ್ತು.

"ಹಸು ಯಾಕವ್ವ?" ಎಂದು ದನಿಯೆತ್ತಿ, ಅರಳಿಕಟ್ಟೆಗೆ ಕೇಳುವ ಹಾಗೆ ಹೇಳಿದಳು. "ರಂಗಯ್ಯ ಅಂತ ಹಾಕು."

"ಓ," ಎಂದ ರಂಗಯ್ಯ ಹೊರಗಿನಿಂದ.